ಮಂಜಮ್ಮನ ಸೆರಗು



2021ರ ನವೆಂಬರ್ 9ರಂದು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆಯಲು ಬಂದ ಜೋಗತಿ ಕುಣಿತದ ಕಲಾವಿದೆ ಮಂಜಮ್ಮ ಜೋಗತಿ, ಮೊದಲು ಸೆರಗಿನ ತುದಿ ಹಿಡಿದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಗೆ ದೃಷ್ಟಿ ತೆಗೆದರು. ನಮ್ಮ ಕಡೆ ಮನೆಯ ಹಿರಿಯರು ಮಕ್ಕಳಿಗೆ ತೆಗೆಯುವ ಹಾಗೆಯೇ. ಆ ಸೊಬಗನ್ನು ದೇಶವೇ ಮೆಚ್ಚಿತು.

ಕುರುಗೋಡು ಸೀಮೆಯ ಕಲ್ಲುಕಂಬದಲ್ಲಿ ಗಂಡಾಗಿ ಹುಟ್ಟಿದವರು ಇವರು. ಹೆಣ್ಣಾಗಿ ಬಾಳಬಯಸಿದ್ದಕ್ಕೆ ಮನೆ ಬಿಡಬೇಕಾಯಿತು; ಸೀರೆಯುಟ್ಟು ಭಿಕ್ಷೆ ಬೇಡಿದರು. ಕಾಳವ್ವ ಜೋಗತಿಯಿಂದ ಕುಣಿತ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು.

ಇಂಥವರ ಚೆಲುವಿಗೆ ಫ್ಯಾಷನ್ ಲೋಕ ಈಚೆಗೆ ಕಣ್ಣು ತೆರೆಯುತ್ತಿದೆ. ವೋಗ್ ಪತ್ರಿಕೆಯ ಫ್ರೆಂಚ್ ಆವೃತ್ತಿ 2017ರಲ್ಲಿ ಮೊದಲ ಬಾರಿಗೆ ಲಿಂಗತ್ವ ಅಲ್ಪಸಂಖ್ಯಾತ ರೂಪದರ್ಶಿಯೊಬ್ಬರನ್ನು ಮುಖಪುಟಕ್ಕೆ ತಂದಿತು. ನಮ್ಮಲ್ಲಾದರೋ ಹಣೆ ತುಂಬ ಭಂಡಾರ ಬಳಿದು, ತಲೆ ಮೇಲೆ ಯಲ್ಲಮ್ಮ ದೇವಿಯ ಕೊಡ ಹೊತ್ತು, ಕೈ ಬಿಟ್ಟು ಕುಣಿಯುವ ಜೋಗತಿಯರ ಚೆಲುವು ತಲೆಮಾರುಗಳಿಂದ ಇದೆ. ಮೈಬಣ್ಣ, ಸೊಂಟದಳತೆ ಅಲ್ಲಿ ಲೆಕ್ಕಕ್ಕೇ ಇಲ್ಲ. ಕೊಡ ಅಲುಗದಂತೆ ನಿಲ್ಲಿಸುವ ಆ ಕತ್ತಿನ ಬಿಗಿ, ಪಾದಗಳ ಲಯ, ನನ್ನ ಕಣ್ಣಿಗೆ ಅದೇ ಸೌಂದರ್ಯ.

ಆದರೆ ಜಾತ್ರೆಯಲ್ಲಿ ಈ ಜೋಗತಿಯರಿಗೆ ಕೈಮುಗಿಯುವ ನಾವೇ, ಮರುದಿನ ಬಳ್ಳಾರಿ–ಸಿರುಗುಪ್ಪ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಬಿಟ್ಟು ನಿಂತೇ ಪ್ರಯಾಣಿಸುತ್ತೇವೆ. ಇದು ನನ್ನನ್ನು ತುಂಬಾ ನೋಯಿಸುತ್ತದೆ. ಇವತ್ತು ಅಂಥವರು ಬಸ್ಸು ಹತ್ತಿದರೆ ತುಸು ಸರಿದು, "ಬರ್ರಿ ಅಮ್ಮ, ಕುಂದುರ್ರಿ" ಅನ್ನಿ.