ಹಳೆಯ ಗಾಡಿ, ಹೊಸ ಬಿಲ್ಲು



ಉಮದಿಯಿಂದ ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗಿಬರಲು ನಾವು ಅಣ್ಣತಮ್ಮಂದಿರು ಕೂಡಿ ಹಳೆಯ ಮೋಟಾರ್ ಸೈಕಲ್ ಒಂದನ್ನು ಕೊಂಡೆವು. ಚೈನು ಸವೆದಿತ್ತು. ದೊಡ್ಡ ಅಂಗಡಿಯವರು ಮೋಸ ಮಾಡಲಾರರೆಂದು ಪಟ್ಟಣದ ಶೋರೂಮಿಗೆ ಒಯ್ದೆವು. ಮರಾಠಿಯಲ್ಲಿದ್ದ ಕಾಗದಕ್ಕೆ ಓದದೆ ಸಹಿ ಹಾಕಿದೆವು. ಬಿಲ್ಲಿನಲ್ಲಿ ಹೊಸ ಚೈನು, ಗಾಡಿಯಲ್ಲಿ ಅದೇ ಹಳೆಯದು! ಎಂಟು ದಿನದ ಕೂಲಿ ಹೋಯಿತು. “ತೆಗೆದ ಚೈನು ಕೊಡ್ರಿ” ಎಂದು ಒಂದು ಮಾತು ಕೇಳಿದ್ದರೆ ಅಲ್ಲಿಯೇ ಸತ್ಯ ಹೊರಬೀಳುತ್ತಿತ್ತು. ನಾವು ಸಂಕೋಚಪಟ್ಟೆವು.

ಆದ್ದರಿಂದ ನಂಬೋಣ, ಆದರೆ ಕೇಳಿ ನಂಬೋಣ. ಏನು ಕೆಲಸ, ಎಷ್ಟು ಖರ್ಚು ಎಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆಯಿಸಿ, ಬಲ್ಲವರಿಂದ ಓದಿಸಿ, ಆಮೇಲೆ ಸಹಿ ಹಾಕೋಣ. ತೆಗೆದ ಭಾಗಗಳನ್ನು ಮರಳಿ ಪಡೆಯೋಣ. ಹಣ ಕೊಡುವ ಮುಂಚೆ ಗಾಡಿ ಓಡಿಸಿ ನೋಡೋಣ. ಬಿಲ್ಲನ್ನು ಜೋಪಾನವಾಗಿ ಇಡೋಣ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಹಣ ಪಡೆದು ಮಾಡುವ ದುರಸ್ತಿಯೂ ಒಂದು ಸೇವೆ. ಅದರಲ್ಲಿ ತಪ್ಪಾದರೆ 2 ವರ್ಷದೊಳಗೆ ಸಾಂಗಲಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. 1915ಕ್ಕೆ ಫೋನು ಮಾಡಿದರೆ ಕನ್ನಡದಲ್ಲಿಯೂ ಸಲಹೆ ಸಿಗುತ್ತದೆ.

ಬೆವರಿನ ಹಣಕ್ಕೆ ಲೆಕ್ಕ ಕೇಳಲು ನಾವು ನಾಚಬೇಕಾಗಿಲ್ಲ.