ಹಿತ್ತಾಳೆ ಮಣಿಯಿಂದ ಕೆಂಪು ಚುಕ್ಕೆಗೆ
(ಉಪನ್ಯಾಸವೊಂದರ ಪಠ್ಯ)



ಬಸವಕಲ್ಯಾಣ ಎಂದೊಡನೆ ಎಲ್ಲರಿಗೂ ನೆನಪಾಗುವುದು ಶರಣರು. ಬೇಟೆಯ ಮಾತು ಬಂದಾಗ ಆ ಊರಿನ ಹೆಸರನ್ನು ಯಾರೂ ಎತ್ತುವುದಿಲ್ಲ. ಆದರೆ ಶರಣ ಚಳವಳಿಗೆ ತುಸು ಮೊದಲು, 1129ರ ಸುಮಾರಿಗೆ, ಅದೇ ಕಲ್ಯಾಣದಿಂದ ಆಳುತ್ತಿದ್ದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ರಚಿಸಿದ. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ಅಡುಗೆ, ಸಂಗೀತ, ಆನೆಗಳ ಜೊತೆಗೆ ಬೇಟೆಗೂ ಜಾಗವಿದೆ. ನಾಯಿ, ಗಿಡುಗ, ಮೀನುಗಾರಿಕೆಗಳಿಗೆ ಬೇರೆ ಬೇರೆ ಅಧ್ಯಾಯಗಳೇ ಇವೆ. ಗುರಿ ಹಿಡಿಯುವ ವಿದ್ಯೆಯನ್ನು ಈ ಸೀಮೆಯವರು ಪುಸ್ತಕದ ವಿಷಯವೆಂದು ಎಣಿಸಿ ಒಂಬತ್ತು ಶತಮಾನಗಳೇ ಆಗುತ್ತ ಬಂದವು.

ಬಿಲ್ಲು ಹೋಗಿ ಮದ್ದು ಬಂತು. 1657ರಲ್ಲಿ ಔರಂಗಜೇಬನ ಸೈನ್ಯ ಮೊದಲು ಬೀದರ ಕೋಟೆಯನ್ನೂ ಬಳಿಕ ಕಲ್ಯಾಣದ ಕೋಟೆಯನ್ನೂ ಮುತ್ತಿ ಗೆದ್ದಾಗ ಎರಡೂ ಕಡೆ ತೋಪುಗಳು ಮಾತಾಡಿದ್ದವು. ಬಸವಕಲ್ಯಾಣದ ಕೋಟೆಯಲ್ಲಿ ಈಗಲೂ ಹಳೆಯ ತೋಪುಗಳಿವೆ. ತೋಪಿನವನು ನಳಿಗೆಯ ಬೆನ್ನ ಮೇಲೆ ಕಣ್ಣು ಹಾಯಿಸಿ ಗುರಿ ನೋಡುತ್ತಿದ್ದ. ಇಂದಿನ ಜೋಡಿ ನಳಿಗೆಯ ಬಂದೂಕಿನಲ್ಲೂ ಇದಕ್ಕಿಂತ ಹೆಚ್ಚಿನದೇನಿಲ್ಲ: ನಳಿಗೆಯ ತುದಿಯಲ್ಲಿ ಕಾಳಿನಷ್ಟು ಹಿತ್ತಾಳೆ ಮಣಿ, ಈ ತುದಿಯಲ್ಲಿ ಹೊಡೆಯುವವನ ಕಣ್ಣು. ಕೆನ್ನೆ ಬಂದೂಕಿನ ಮರದ ಮೇಲೆ ಪ್ರತಿ ಸಲವೂ ಒಂದೇ ಕಡೆ ಕೂತರೆ ಏಟು ನೆಟ್ಟಗೆ ಹೋಗುತ್ತದೆ, ತಲೆ ಎತ್ತಿದರೆ ಏಟೂ ಮೇಲೆ ಹೋಗುತ್ತದೆ. ಈ ತೊಡಕಿಗೆ ಪರಿಹಾರವೆಂದು ಈಗ ಮಾರಾಟವಾಗುತ್ತಿರುವುದೇ 'ರೆಡ್ ಡಾಟ್ ಸೈಟ್', ಅಂದರೆ ಕೆಂಪು ಚುಕ್ಕೆಯ ಗುರಿಗಾಜು.

ಇದರ ಮೂಲ ಕಲ್ಪನೆ ಡಬ್ಲಿನ್ನಿನ ಹೋವರ್ಡ್ ಗ್ರಬ್ ಎಂಬಾತನದು. 1900ರಲ್ಲಿ ಆತ ಇದಕ್ಕೆ ಹಕ್ಕುಪತ್ರ ಪಡೆದ. ಗ್ರಬ್‌ನ ನಿಜವಾದ ಕಸುಬು ದೂರದರ್ಶಕ ತಯಾರಿಕೆ. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ನಕ್ಷತ್ರ ನೋಡಲು ಬಳಸಿದ 15 ಅಂಗುಲದ ದೂರದರ್ಶಕ ಈ ಗ್ರಬ್ ಕಾರ್ಖಾನೆಯದೇ. ಆಗ ಬಸವಕಲ್ಯಾಣ, ಹುಮನಾಬಾದಗಳೂ ನಿಜಾಮರ ಸಂಸ್ಥಾನದಲ್ಲೇ ಇದ್ದವು. ಮಿಂಚುದೀಪ ಹಾಕಿದ ಇಂದಿನ ಮಾದರಿಯನ್ನು 1975ರಲ್ಲಿ ಮಾರುಕಟ್ಟೆಗೆ ತಂದದ್ದು ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ.

ಕೆಲಸ ಮಾಡುವ ರೀತಿ ಸರಳ. ಒಳಗಿನ ಪುಟ್ಟ ಕೆಂಪು ದೀಪದ ಬೆಳಕು ಮುಂದಿನ ಬಾಗಿದ ಗಾಜಿಗೆ ಬಡಿದು, ಸಮಾಂತರ ಕಿರಣಗಳಾಗಿ ಕಣ್ಣಿಗೆ ಮರಳುತ್ತದೆ. ಆದ್ದರಿಂದ ಚುಕ್ಕೆ ಗಾಜಿನ ಮೇಲಲ್ಲ, ದೂರದ ಗುರಿಯ ಮೇಲೆಯೇ ಕೂತಂತೆ ಕಾಣುತ್ತದೆ. ಕಣ್ಣು ತುಸು ಅತ್ತಿತ್ತ ಸರಿದರೂ ಚುಕ್ಕೆ ಇರುವಲ್ಲಿಗೇ ಏಟು. ಎರಡೂ ಕಣ್ಣು ತೆರೆದು ನೋಡಬಹುದು. ಇದನ್ನು ಲೇಸರ್ ಎಂದು ತಿಳಿದವರಿದ್ದಾರೆ, ಅದು ತಪ್ಪು. ಲೇಸರ್ ಪ್ರಾಣಿಯ ಮೈಮೇಲೆ ಬೆಳಕು ಚೆಲ್ಲುತ್ತದೆ, ಈ ಚುಕ್ಕೆ ಹೊಡೆಯುವವನಿಗೆ ಮಾತ್ರ ಕಾಣುತ್ತದೆ.

ಹಾಗಾದರೆ ಇದು ಬೇಕಾದದ್ದು ಯಾರಿಗೆ? ಮೋಜಿನ ಬೇಟೆಗಾರನಿಗಂತೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು, ಉಳಿದಿದ್ದ ಪರವಾನಗಿಯ ದಾರಿಯನ್ನು 1991ರ ತಿದ್ದುಪಡಿ ಮುಚ್ಚಿತು. ಒಲಿಂಪಿಕ್ ಮಾದರಿಯ ಟ್ರ್ಯಾಪ್, ಸ್ಕೀಟ್ ಸ್ಪರ್ಧೆಗಳಲ್ಲಿ ಬೆಳಕು ಬೀರುವ ಗುರಿಸಾಧನಕ್ಕೆ ಅವಕಾಶವೇ ಇಲ್ಲ. ಉಳಿಯುವವನು ರೈತ. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಯ ಮದ್ದಿನ ಬಂದೂಕನ್ನೂ, ರಕ್ಷಣೆಗೆಂದು ಇಟ್ಟುಕೊಳ್ಳುವ 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬಂದೂಕನ್ನೂ ಹೆಸರಿಸಿಯೇ ಹೇಳುತ್ತದೆ. ಆದರೆ ಬಂದೂಕಿನ ಪರವಾನಗಿ ಬೇರೆ, ಕಾಡುಹಂದಿ ಹೊಡೆಯುವ ಅನುಮತಿ ಬೇರೆ. ಎರಡನೆಯದನ್ನು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಲಿಖಿತವಾಗಿ ಕೊಡಬೇಕು.

ಬೀದರ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಹಂದಿ ನುಗ್ಗುವ ಹೊಲಕ್ಕೇ ಕೃಷ್ಣಮೃಗವೂ, ಊರ ಮಾತಿನ ಚಿಗರಿಯೂ, ಬರುತ್ತದೆ. ಕಡಲೆ, ಜೋಳದ ಎಳೆ ಬೆಳೆಯೆಂದರೆ ಅದಕ್ಕೂ ಇಷ್ಟ. ಕೃಷ್ಣಮೃಗ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದೆ; ಬೆಳೆ ತಿಂದಿತೆಂದು ಅದನ್ನು ಹೊಡೆಯುವಂತಿಲ್ಲ. ಇನ್ನು ಕಬ್ಬಿನ ಬದುವಿನಲ್ಲಿ ರಾತ್ರಿ ನೀರು ಹಾಯಿಸುವ ಮನುಷ್ಯನೂ ಬಗ್ಗಿಯೇ ನಡೆಯುತ್ತಾನೆ. ಕೆಂಪು ಚುಕ್ಕೆ ಬ್ಯಾಟರಿ ದೀಪವಲ್ಲ. ಅದು ಬಂದೂಕು ಎತ್ತ ನೋಡುತ್ತಿದೆ ಎಂದು ತೋರಿಸುತ್ತದೆ, ಅಲ್ಲಿರುವುದು ಏನೆಂದು ತೋರಿಸುವುದಿಲ್ಲ. ಮುಸ್ಸಂಜೆಯಲ್ಲಿ ಚುಕ್ಕೆಯ ಹೊಳಪು ಹೆಚ್ಚಿದ್ದರೆ ಕಾಣುತ್ತಿದ್ದದ್ದೂ ಅದರ ಹಿಂದೆ ಮುಚ್ಚಿಹೋಗುತ್ತದೆ. ಆದ್ದರಿಂದ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಹೊಳಪನ್ನು ತೀರಾ ಕೆಳಗಿಳಿಸಲು ಬರುತ್ತದೆಯೇ ಎಂಬುದನ್ನು.

ಎರಡನೆಯದು ಚುಕ್ಕೆಯ ಗಾತ್ರ. ಪೆಟ್ಟಿಗೆಯ ಮೇಲೆ ಇದನ್ನು ಎಂ.ಓ.ಎ. ಲೆಕ್ಕದಲ್ಲಿ ಬರೆದಿರುತ್ತಾರೆ, ಒಂದು ಎಂ.ಓ.ಎ. ಎಂದರೆ 100 ಮೀಟರಿನಲ್ಲಿ ಸುಮಾರು 3 ಸೆಂಟಿಮೀಟರ್. ಆರರ ಚುಕ್ಕೆ 30 ಮೀಟರಿನಲ್ಲಿ ಐದು ಸೆಂಟಿಮೀಟರಿನಷ್ಟು ಜಾಗ ಮುಚ್ಚುತ್ತದೆ. ಕಾಳುಗುಂಡು ಹರಡಿ ಹೋಗುವ ಬಂದೂಕಿಗೆ ಇದು ದೊಡ್ಡದೇನಲ್ಲ, ಬೇಗ ಕಣ್ಣಿಗೆ ಬೀಳುತ್ತದೆ. ಚುಕ್ಕೆ ನಕ್ಷತ್ರದಂತೆ ಸೀಳಿ ಕಂಡರೆ ಅಂಗಡಿಯವನನ್ನು ಬೈಯುವ ಮುನ್ನ ಮೊಬೈಲ್ ಕ್ಯಾಮರಾದಲ್ಲಿ ನೋಡಬೇಕು. ಅಲ್ಲಿ ದುಂಡಗಿದ್ದರೆ ದೋಷ ಕಣ್ಣಿನದು, ಹೋಗಬೇಕಾದದ್ದು ಕನ್ನಡಕದ ಡಾಕ್ಟರ ಹತ್ತಿರ. ಮೂರನೆಯದು ಗಟ್ಟಿತನ. ಹನ್ನೆರಡು ಬೋರ್ ಎಂದರೆ ನಳಿಗೆಯಷ್ಟೇ ದಪ್ಪದ ಹನ್ನೆರಡು ಸೀಸದ ಗುಂಡುಗಳು ಸೇರಿ ಒಂದು ಪೌಂಡ್ ತೂಗುತ್ತವೆ ಎಂದರ್ಥ. ನಳಿಗೆಯ ಅಗಲ ಸುಮಾರು ಹದಿನೆಂಟೂವರೆ ಮಿಲಿಮೀಟರ್. ಆ ಬಂದೂಕು ಹಿಂದಕ್ಕೆ ಒದೆಯುವ ಒದೆತಕ್ಕೆ ಆಟಿಕೆ ಬಂದೂಕಿನ ಅಗ್ಗದ ಗಾಜು ಬಾಳುವುದಿಲ್ಲ.

ಜೋಡಿಸುವುದರಲ್ಲೇ ಹೆಚ್ಚು ಬಂದೂಕುಗಳು ಕೆಡುವುದು. ಪಂಪ್ ಆಕ್ಷನ್ ಬಂದೂಕಿನ ಬೆನ್ನಿನಲ್ಲಿ ಹಲವು ಸಲ ತಿರುಪಿನ ತೂತುಗಳು ಮೊದಲೇ ಇರುತ್ತವೆ. ಅಲ್ಲಿ ಒಂದು ಹಳಿ ಕೂರಿಸಿ ಅದರ ಮೇಲೆ ಗಾಜು ಬಿಗಿದರಾಯಿತು. ಹಳೆಯ ಜೋಡಿ ನಳಿಗೆಯದು ಹಾಗಲ್ಲ. ಎರಡು ನಳಿಗೆಗಳ ನಡುವಿನ ಪಟ್ಟಿಯನ್ನು ಬೆಸುಗೆಯಿಂದ ಹಿಡಿಸಿರುತ್ತಾರೆ. ಅಲ್ಲಿ ಡ್ರಿಲ್ ಹಾಕಿದರೆ, ಕಾಯಿಸಿದರೆ, ಪಟ್ಟಿ ಬಿಡುತ್ತದೆ. ನಳಿಗೆಗೇ ತೂತು ತಾಗಿದರೆ ಮುಂದಿನ ಈಡು ಹೊಡೆದವನ ಕೈಯಲ್ಲೇ ಸಿಡಿಯಬಹುದು. ಪಟ್ಟಿಯನ್ನು ಕಚ್ಚಿ ಹಿಡಿಯುವ ಚಿಕ್ಕ ಪೀಠ ಸಿಕ್ಕರೆ ಸರಿ, ಇಲ್ಲವಾದರೆ ಹಿತ್ತಾಳೆ ಮಣಿಯೇ ಲೇಸು. ಈ ಕೆಲಸವನ್ನು ಲೇತ್ ಇರುವ ಯಾವ ವರ್ಕ್‌ಶಾಪಿನವನಿಗೂ ಕೊಡುವಂತಿಲ್ಲ. ಬಂದೂಕು ದುರಸ್ತಿಗೂ ಕಾಯ್ದೆಯಲ್ಲಿ ಪರವಾನಗಿ ಬೇಕು. ಹೊಸದೇನಾದರೂ ಜೋಡಿಸುವ ಮೊದಲು ಬಂದೂಕಿನ ಪರವಾನಗಿ ಕೊಟ್ಟ ಕಚೇರಿಯಲ್ಲಿ ಕೇಳಿಕೊಳ್ಳುವುದು ಕ್ಷೇಮ.

ಗಾಜು ಆದಷ್ಟು ತಗ್ಗಿನಲ್ಲಿ ಕೂರಬೇಕು. ಎತ್ತರಕ್ಕೆ ಕೂತರೆ ಚುಕ್ಕೆ ಹುಡುಕಲು ಕೆನ್ನೆ ಮರದಿಂದ ಮೇಲೇಳುತ್ತದೆ, ಈಡು ಹಾರಿದಾಗ ಅದೇ ಮರ ಬಂದು ದವಡೆಗೆ ಬಡಿಯುತ್ತದೆ. ತಿರುಪುಗಳ ಎಣ್ಣೆ ಒರೆಸಿ, ಸಡಿಲವಾಗದಂತೆ ಹಿಡಿಯುವ ಅಂಟಿನ ಒಂದು ಹನಿ ಹಾಕಿ ಬಿಗಿದು, ತಿರುಪಿಗೂ ಪೀಠಕ್ಕೂ ಸೇರಿಸಿ ಉಗುರುಬಣ್ಣದ ಒಂದು ಗೆರೆ ಎಳೆದಿಟ್ಟರೆ ಸಾಕು. ಗೆರೆ ತುಂಡಾಗಿ ಕಂಡ ದಿನ ತಿರುಪು ಸಡಿಲಿದೆ ಎಂದು ತಿಳಿಯುತ್ತದೆ.

ಆಮೇಲೆ ಗುರಿ ಸರಿಪಡಿಸುವ ಕೆಲಸ. ಅನುಮತಿಯಿರುವ ಗುರಿ ಮೈದಾನದಲ್ಲಿ, 30 ಮೀಟರ್ ದೂರದ ದೊಡ್ಡ ಕಾಗದದ ಮೇಲೆ, ಹೊಲಕ್ಕೆ ಒಯ್ಯುವ ಅದೇ ಕಾಡತೂಸಿನಿಂದ ಮೂರು ಈಡು ಹೊಡೆದು ಕಾಳುಗಳ ನಟ್ಟನಡು ಎಲ್ಲಿ ಬಿದ್ದಿದೆ ಎಂದು ನೋಡಬೇಕು. ಗಾಜಿನ ತಿರುಪು ತಿರುಗಿಸಿ ಚುಕ್ಕೆಯನ್ನು ಅಲ್ಲಿಗೆ ತರಬೇಕು. ಜೋಡಿ ನಳಿಗೆಯಿದ್ದರೆ ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಏಕೆಂದರೆ ಎಡದ್ದೂ ಬಲದ್ದೂ ಒಂದೇ ಜಾಗಕ್ಕೆ ಹೊಡೆಯುತ್ತವೆಂಬ ಖಾತ್ರಿಯಿಲ್ಲ.

ಚುನಾವಣೆ ಬಂದಾಗ ಪರವಾನಗಿದಾರರ ಬಂದೂಕುಗಳು ಪೊಲೀಸ್ ಠಾಣೆ ಸೇರುವುದು ಎಲ್ಲ ಊರಿನಲ್ಲೂ ಇದ್ದದ್ದೇ. ಒಪ್ಪಿಸುವ ಮುನ್ನ ಗಾಜಿನ ಬ್ಯಾಟರಿ ತೆಗೆದಿಡಬೇಕು. ವಾರಗಟ್ಟಲೆ ಒಳಗಿದ್ದು ಸೋರಿದರೆ ಗಾಜು ಕೆಡುತ್ತದೆ. ಮರಳಿ ಬಂದ ಬಂದೂಕು ಯಾವ ಮೂಲೆಯಲ್ಲಿ ಒರಗಿತ್ತೋ, ಯಾರ ಕೈಯಿಂದ ಜಾರಿತ್ತೋ ಹೇಳಲಾಗದು. ಹೊಲಕ್ಕೆ ಒಯ್ಯುವ ಮುಂಚೆ ಮತ್ತೆ ಕಾಗದದ ಮೇಲೆ ಒಂದೊಂದು ಈಡು ಹೊಡೆದು ನೋಡಬೇಕು.