ಮುಳುಗುಗಾರನ ಕೈಗಡಿಯಾರದ ಪಟ್ಟಿ

(ಬಾನುಲಿ ಭಾಷಣ)

ಅಂಕೋಲೆಯ ಪೇಟೆಯಲ್ಲಿ ನಮ್ಮ ತಂದೆಯವರದೊಂದು ಗಡಿಯಾರ ರಿಪೇರಿಯ ಅಂಗಡಿಯಿತ್ತು. ಅಂಗಡಿಯೆಂದರೆ ದೊಡ್ಡದೇನಲ್ಲ, ಒಂದು ಜವಳಿ ಅಂಗಡಿಯ ಜಗಲಿಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಒಂದು ಭೂತಗನ್ನಡಿ. 1961ರಲ್ಲಿ ಎಚ್.ಎಂ.ಟಿ. ಸಂಸ್ಥೆ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಕೈಗಡಿಯಾರಗಳನ್ನು ತಯಾರಿಸತೊಡಗಿದ ಮೇಲೆ ನಮ್ಮೂರ ಮಾಸ್ತರರ, ಗುಮಾಸ್ತರ ಮಣಿಕಟ್ಟಿಗೂ ಗಡಿಯಾರ ಬಂದಿತು. ಒಬ್ಬೊಬ್ಬರ ಗಡಿಯಾರ ಕೆಡುವ ಬಗೆ ಒಂದೊಂದು. ಆದರೆ ಪಟ್ಟಿ ಹಾಳಾಗುವ ಬಗೆ ಎಲ್ಲರದೂ ಒಂದೇ. ಕಡಲ ಕಡೆಯ ಉಪ್ಪು ಗಾಳಿ, ಮಳೆ, ಬೆವರು ಸೇರಿ ತೊಗಲನ್ನು ಕೊಳೆಸುತ್ತಿದ್ದವು, ಪಿನ್ನನ್ನು ತಿನ್ನುತ್ತಿದ್ದವು. “ಯಂತ್ರಕ್ಕೆ ನೂರು ರೂಪಾಯಿ ಕೊಡುತ್ತಾರೆ, ಅದನ್ನು ಹಿಡಿದಿಡುವ ಪಿನ್ನಿಗೆ ನಾಲ್ಕಾಣೆ ಕೊಡಲು ಚೌಕಾಶಿ ಮಾಡುತ್ತಾರೆ” ಎಂದು ತಂದೆಯವರು ನಗುತ್ತಿದ್ದರು. ಆ ಮಾತನ್ನು ನೂರು ಸಲ ಕೇಳಿದ ನಾನೇ ಒಮ್ಮೆ ಅದನ್ನು ಮರೆತೆ. ಈ ಭಾಷಣ ಆ ಮರೆವಿನ ಕುರಿತಾದದ್ದು.

ನಾನು ವೃತ್ತಿಯಿಂದ ಶಿಕ್ಷಕನಾಗಿದ್ದವನು. ತಂದೆಯವರ ಸಣ್ಣ ಇಕ್ಕಳ, ಸೂಜಿಮೊನೆಯ ತಿರುಪುಳಿ ನನ್ನ ಬಳಿ ಉಳಿದುಕೊಂಡಿವೆ. ಬಂಧುಗಳ ಕೈಗಡಿಯಾರಗಳಿಗೆ ಪಟ್ಟಿ ಬದಲಿಸಿಕೊಡುವುದು ನನಗೆ ಹವ್ಯಾಸ. ನನ್ನ ತಂಗಿಯ ಮಗ ಕಾರವಾರದಲ್ಲಿದ್ದಾನೆ. ಬೈತಖೋಲ ಬಂದರಿನಲ್ಲಿ ಟ್ರಾಲರ್ ದೋಣಿಗಳ ಪಂಖಕ್ಕೆ ಬಲೆಯೋ ಹಗ್ಗವೋ ಸುತ್ತಿಕೊಂಡರೆ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಇಳಿದು, ಅದನ್ನು ಕೊಯ್ದು ಬಿಡಿಸುವುದು ಅವನ ಕೆಲಸ. ನೀರಿನ ಕೆಳಗೆ ಅವನಿಗೆ ಹೊತ್ತು ತಿಳಿಸುತ್ತಿದ್ದುದು ಅವನ ತಂದೆ, ಅಂದರೆ ನನ್ನ ಭಾವನವರು, ಮಸ್ಕತ್ತಿನಿಂದ ತಂದಿದ್ದ ಒಂದು ಮುಳುಗುಗಾರರ ಗಡಿಯಾರ. ಭಾವನವರು ತೀರಿಕೊಂಡ ಮೇಲೆ ಅದು ಮಗನ ಕೈಗೆ ಬಂದಿತ್ತು.

ಇಂಥ ಗಡಿಯಾರಗಳ ಚರಿತ್ರೆ ಬಹಳ ಹಳೆಯದಲ್ಲ. 1953ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಬ್ಲಾಂಪೇನ್ ಮತ್ತು ರೋಲೆಕ್ಸ್ ಕಂಪನಿಗಳು ಆಳಕ್ಕೆ ಇಳಿಯುವವರಿಗೆಂದೇ ಗಡಿಯಾರ ಮಾಡಿದವು. ಮುಖದ ಸುತ್ತ ತಿರುಗುವ ಒಂದು ಬಳೆ ಇವುಗಳ ಗುರುತು. ಇಳಿಯುವಾಗ ಬಳೆಯ ಗುರುತನ್ನು ನಿಮಿಷದ ಮುಳ್ಳಿಗೆ ಹೊಂದಿಸಿದರೆ ಎಷ್ಟು ಹೊತ್ತಾಯಿತೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಇಂದಿನ ಮಾದರಿಗಳಲ್ಲಿ ಬಳೆ ಒಂದೇ ದಿಕ್ಕಿಗೆ ತಿರುಗುತ್ತದೆ. ಅರಿಯದೆ ಕೈ ತಾಗಿ ಸರಿದರೂ ಕಳೆದ ಹೊತ್ತು ಹೆಚ್ಚಾಗಿ ಕಂಡೀತೇ ಹೊರತು ಕಡಿಮೆಯಾಗಿ ಕಾಣದು. ತಪ್ಪಿದರೂ ಮನುಷ್ಯನನ್ನು ಬೇಗನೆ ಮೇಲಕ್ಕೆ ಕಳಿಸುವ ತಪ್ಪು ಅದು. ಹತ್ತು ಮೀಟರು ಇಳಿದರೆ ಮೈಮೇಲಿನ ಒತ್ತಡ ಇಮ್ಮಡಿಯಾಗುತ್ತದೆ. ಗಾಳಿಯೂ ಅಷ್ಟೇ ಬೇಗ ಮುಗಿಯುತ್ತದೆ. ಈಗ ಈ ಲೆಕ್ಕವನ್ನೆಲ್ಲ ಸಣ್ಣ ಗಣಕಗಳು ಮಾಡುತ್ತವೆಯಾದರೂ, ಬಂದರಿನ ಬಡ ಮುಳುಗುಗಾರನಿಗೆ ಗಡಿಯಾರವೇ ಗಣಕ.

ಯಂತ್ರದೊಳಗೆ ನೀರು ಹೋಗದಂತೆ ಇಷ್ಟೆಲ್ಲ ಜಾಣ್ಮೆ ತೋರಿದ ಗಡಿಯಾರವನ್ನು ಕೈಗೆ ಕಟ್ಟಿಡುವುದೇನು? ಎರಡು ಪಿನ್ನುಗಳು. ಬೆಂಕಿಕಡ್ಡಿಗಿಂತ ತೆಳ್ಳಗಿನ ಕೊಳವೆಯೊಳಗೆ ಒಂದು ಸ್ಪ್ರಿಂಗು, ಎರಡು ತುದಿಗೆ ಎರಡು ಮೊನೆ. ಗಡಿಯಾರದ ಕೊಂಬುಗಳ ಒಳಗಿನ ತೂತಿನಲ್ಲಿ ಆ ಮೊನೆ ಕೂತಿರುವತನಕ ಎಲ್ಲವೂ ಕ್ಷೇಮ. ಎರಡು ತುಂಡಿನ ಸಾಮಾನ್ಯ ಪಟ್ಟಿಯಲ್ಲಿ ಒಂದು ಮೊನೆ ಜಾರಿದರೆ ಸಾಕು, ಪಟ್ಟಿ ಬಿಚ್ಚಿಕೊಂಡು ಗಡಿಯಾರವೂ ಅದರೊಡನೆ ಪಟ್ಟಿಯೂ ನೀರುಪಾಲು. ಸೇನೆಗಳು ಇದನ್ನು ಬೇಗನೆ ಅರಿತವು. 1973ರಲ್ಲಿ ಬ್ರಿಟನ್ನಿನ ರಕ್ಷಣಾ ಇಲಾಖೆ ಒಂದೇ ಉದ್ದ ತುಂಡಿನ ನೈಲಾನ್ ಪಟ್ಟಿಯನ್ನು ಗೊತ್ತುಮಾಡಿತು. ಪೇಟೆಯಲ್ಲಿ ಅದನ್ನು ನೇಟೊ ಪಟ್ಟಿ ಎನ್ನುತ್ತಾರೆ. ಅದು ಎರಡು ಪಿನ್ನುಗಳ ಸಂದಿನಿಂದಲೂ ನುಸುಳಿ ಗಡಿಯಾರದ ಬೆನ್ನ ಕೆಳಗೆ ಹಾದುಹೋಗುತ್ತದೆ. ಒಂದು ಪಿನ್ನು ಹೋದರೂ ಇನ್ನೊಂದರಲ್ಲಿ ಗಡಿಯಾರ ತೂಗಾಡಿಕೊಂಡಾದರೂ ಉಳಿಯುತ್ತದೆ. ಇದಕ್ಕಿಂತ ಸರಳವಾದ ಉಪಾಯ ಇನ್ನೊಂದಿಲ್ಲ.

ಇದೆಲ್ಲ ನನಗೆ ಗೊತ್ತಿತ್ತು. ಆದರೂ ಅಳಿಯ ಹಳೆಯ ರಬ್ಬರು ಪಟ್ಟಿ ಬಿರುಕು ಬಿಟ್ಟಿತೆಂದು ತಂದುಕೊಟ್ಟಾಗ ನಾನು ಹೊಸ ರಬ್ಬರು ಪಟ್ಟಿಗೆ ಹಳೆಯ ಪಿನ್ನುಗಳನ್ನೇ ಹಾಕಿದೆ. ಹೊಸ ಪಿನ್ನು ಮನೆಯಲ್ಲಿರಲಿಲ್ಲ; ಪೇಟೆಗೆ ಹೋಗಲು ಬೇಸರ; ಹಳೆಯದು ಕಣ್ಣಿಗೆ ಚೆನ್ನಾಗಿಯೇ ಕಂಡಿತು. ಒಂದು ಪಿನ್ನಿನ ಮೊನೆ ಉಪ್ಪು ಹಿಡಿದು ಸ್ವಲ್ಪ ಬಿಗಿಯಾಗಿ ಆಡುತ್ತಿದ್ದುದು ನನ್ನ ಬೆರಳಿಗೆ ತಿಳಿಯಿತು. ಬೆರಳಿಗೆ ತಿಳಿದದ್ದನ್ನು ಮನಸ್ಸು ಕೇಳಲಿಲ್ಲ.

ಆಗಸ್ಟಿನ ಮೊದಲ ವಾರ. ಜೂನ್, ಜುಲೈ ತಿಂಗಳುಗಳ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಕಡಲಿಗೆ ಇಳಿದಿದ್ದವು. ಮಳೆಗಾಲದ ಕಾಳಿ ನದಿ ಕೆಮ್ಮಣ್ಣಿನ ನೀರನ್ನು ಕಡಲಿಗೆ ತರುತ್ತಿರುತ್ತದೆ. ಅಂಥ ನೀರಿನಲ್ಲಿ ಚಾಚಿದ ಕೈ ತನಗೇ ಕಾಣದು. ದೋಣಿಯ ಅಡಿಯಲ್ಲಿ ಬಲೆ ಬಿಡಿಸುತ್ತಿದ್ದಾಗ ಹಗ್ಗದ ಸುರುಳಿಯೊಂದು ಅಳಿಯನ ಮಣಿಕಟ್ಟಿಗೆ ಸಿಕ್ಕಿತು. ಎಳೆದುಕೊಂಡ, ಕೈ ಬಂತು, ಗಡಿಯಾರ ಬರಲಿಲ್ಲ. ಮಬ್ಬಿನಲ್ಲಿ ಎಷ್ಟು ಹೊತ್ತು ಕಳೆದಿದೆ, ಎಷ್ಟು ಗಾಳಿ ಉಳಿದಿದೆ ಎಂಬ ಅಂದಾಜು ಒಮ್ಮೆಲೇ ತಪ್ಪಿಹೋಯಿತಂತೆ. ಕೆಲಸ ಅರ್ಧಕ್ಕೇ ಬಿಟ್ಟು ಮೇಲೆ ಬಂದ. ಬಂದದ್ದು ಸರಿಯಾಯಿತು, ಸಿಲಿಂಡರಿನಲ್ಲಿ ಉಳಿದಿದ್ದದ್ದು ಅಷ್ಟಕ್ಕಷ್ಟೇ.

ಅಂಕೋಲೆಯವರಿಗೆ ಕೆಸರುನೀರಿನ ಭಯವನ್ನು ಯಾರೂ ವಿವರಿಸಬೇಕಾಗಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿಯ ಸೆಳವಿನೆದುರು ಪಳಗಿದ ಮುಳುಗುಗಾರರೂ ದಂಡೆಯಲ್ಲಿ ದಿನಗಟ್ಟಲೆ ಕಾದು ನಿಂತದ್ದನ್ನು ನಾವು ಕಂಡವರು. ನದಿಗೆ ಬಿದ್ದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಅಳಿಯನ ಸುದ್ದಿ ಕೇಳಿದ ರಾತ್ರಿ ನನಗೆ ನೆನಪಾದದ್ದು ಆ ನೀರಿನ ಬಣ್ಣ.

ಮರುದಿನ ಕಾರವಾರಕ್ಕೆ ಹೋದೆ. “ತಮಾ, ಆ ಪಿನ್ನು ಹಳೆಯದಾಗಿತ್ತು. ನಾನೇ ಹಾಕಿದ್ದು” ಎಂದೆ. ತಂಗಿ ಒಳಗೆ ಚಹಾ ಮಾಡುತ್ತಿದ್ದವಳು ಕೈ ನಿಲ್ಲಿಸಿದ್ದು ಕೇಳಿಸಿತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪನ ಗಡಿಯಾರ ಹೋಯಿತು ಎಂಬುದೊಂದು ಇದೆ ಮಾವ. ಹೊಸದು ತಂದ ಮೇಲೆ ಪಟ್ಟಿಯನ್ನು ನೀವೇ ಹಾಕಿಕೊಡಬೇಕು” ಎಂದ. ಬೈದಿದ್ದರೆ ಹಗುರಾಗುತ್ತಿತ್ತು.

ಹೊಸ ಗಡಿಯಾರಕ್ಕೆ ಪಟ್ಟಿ ಆರಿಸುವಾಗ ನಾವಿಬ್ಬರೂ ಒಟ್ಟಿಗೇ ಕುಳಿತೆವು. ತೊಗಲು ಬೇಡ, ನೆನೆದು ಒಣಗಿ ಗಡುಸಾಗಿ ಹೊಲಿಗೆ ಬಿಡುತ್ತದೆ. ಉಕ್ಕಿನ ಸರಪಳಿ ಚೆಂದ. ಆದರೆ ಎಷ್ಟು ಕೊಂಡಿಯೋ ಅಷ್ಟು ಪಿನ್ನು, ಎಷ್ಟು ಪಿನ್ನೋ ಅಷ್ಟು ಕಾಳಜಿ. ರಬ್ಬರು ಒಳ್ಳೆಯದು. ತಣ್ಣೀರಿನ ದೇಶಗಳಲ್ಲಿ ದಪ್ಪ ರಬ್ಬರಿನ ಉಡುಪು ಆಳದ ಒತ್ತಡಕ್ಕೆ ತೆಳುವಾಗಿ ಪಟ್ಟಿ ಸಡಿಲಾಗುತ್ತದೆಂದು 1975ರಲ್ಲಿ ಜಪಾನಿನ ಸೀಕೋ ಕಂಪನಿ ಹಾರ್ಮೋನಿಯಂ ತಿದಿಯಂತೆ ಮಡಿಕೆಗಳಿರುವ ಪಟ್ಟಿಯನ್ನು ಮಾಡಿತು. ನಮ್ಮ ಬೆಚ್ಚನೆಯ ಕಡಲಿಗೆ ಅದರ ಅಗತ್ಯ ಕಡಿಮೆ. ಕೊನೆಗೆ ಆರಿಸಿದ್ದು ಒಂದೇ ತುಂಡಿನ ನೈಲಾನ್ ಪಟ್ಟಿಯನ್ನು. ಕೊಂಬುಗಳ ನಡುವಿನ ಅಂತರ 20 ಮಿಲಿಮೀಟರು. ಪಟ್ಟಿಯೂ ಅಷ್ಟೇ ಅಗಲ. ಕಿರಿದಾದರೆ ಅತ್ತಿತ್ತ ಸರಿದು ಪಿನ್ನನ್ನು ಸವೆಸುತ್ತದೆ.

ಪಿನ್ನುಗಳು ಹೊಸವು, ತೂತು ಹಿಡಿಸುವಷ್ಟು ದಪ್ಪನೆಯವು. ಮೊನೆ ಒಳಗೆ ಕೂತಾಗ ‘ಟಿಕ್’ ಎಂಬ ಸದ್ದು ಕೇಳಬೇಕು. ಎರಡು ಕಡೆಯೂ ಕೇಳಬೇಕು. ಆಮೇಲೆ ಪಟ್ಟಿಯನ್ನು ಹಿಡಿದು ಬಲವಾಗಿ ಎಳೆಯಬೇಕು. ಮುಳುಗುಗಾರರ ಗಡಿಯಾರಗಳ ಅಂತರರಾಷ್ಟ್ರೀಯ ಮಾನದಂಡದಲ್ಲಿ ಪಟ್ಟಿಯ ಜೋಡಣೆಯನ್ನು 200 ನ್ಯೂಟನ್ ಬಲದಿಂದ, ಎಂದರೆ ಸುಮಾರು ಇಪ್ಪತ್ತು ಕಿಲೋ ಭಾರದಷ್ಟು, ಎಳೆದು ಪರೀಕ್ಷಿಸುತ್ತಾರೆ. ನಮ್ಮ ಮನೆಯಲ್ಲಿ ಆ ಯಂತ್ರವಿಲ್ಲ, ಕೈಯಿದೆ. ಪಟ್ಟಿಯ ಉಳಿದ ಬಾಲವನ್ನು ಕೊಂಡಿಯೊಳಗೆ ಮಡಚಿ ಸಿಕ್ಕಿಸಬೇಕು. ಜೋತಾಡುವ ಬಾಲ ಹಗ್ಗಕ್ಕೆ ಕರೆಯೋಲೆ. ಸುಲಭಕ್ಕೆ ಬಿಡದ ಪಟ್ಟಿ ಕಟ್ಟಿದವನು ಇನ್ನೊಂದು ಕೈಗೆ ಎಟಕುವಂತೆ ಚಾಕುವನ್ನೂ ಇಟ್ಟುಕೊಳ್ಳಬೇಕು. ಗಡಿಯಾರ ಉಳಿಯಬೇಕು ನಿಜ, ಕೈಯನ್ನು ಹಿಡಿದಿಟ್ಟುಕೊಂಡು ಉಳಿಯಬಾರದು. ಮೇಲೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಬೇಕು. ವರ್ಷಕ್ಕೊಮ್ಮೆ, ಕೆಟ್ಟಿರಲಿ ಬಿಡಲಿ, ಪಿನ್ನು ಬದಲಿಸಬೇಕು.

ಈ ಭಾಷಣ ಕೇಳುವವರಲ್ಲಿ ಕಡಲ ತಳಕ್ಕೆ ಇಳಿಯುವವರು ನಾಲ್ಕೈದು ಮಂದಿ ಇದ್ದಾರು. ಅವರಿಗಾಗಿ ಇಷ್ಟು ಹೇಳಿದೆ. ಉಳಿದವರಲ್ಲಿ ಇನ್ನೊಬ್ಬರಿಗಾಗಿ ಏನನ್ನಾದರೂ ಬಿಗಿಯುವವರು, ಹೊಲಿಯುವವರು, ಕಟ್ಟುವವರು ಬಹಳ ಮಂದಿ ಇದ್ದೀರಿ. ನಿಮ್ಮ ಬೆರಳು ಏನಾದರೂ ಹೇಳಿದರೆ ಅದನ್ನು ಕೇಳಿರಿ. ಪೇಟೆ ದೂರವಿಲ್ಲ. ಈಗ ಪ್ರತಿ ಮೇ ತಿಂಗಳ ಕೊನೆಗೆ, ದೋಣಿಗಳು ದಡ ಸೇರುವ ಹೊತ್ತಿಗೆ, ಅಳಿಯ ಗಡಿಯಾರ ತೆಗೆದುಕೊಂಡು ಅಂಕೋಲೆಗೆ ಬರುತ್ತಾನೆ. ಪಿನ್ನು ಹಾಕಿದ ಮೇಲೆ ನಾನು ಒಮ್ಮೆ ಎಳೆಯುತ್ತೇನೆ. ಅನಂತರ ಅವನೂ ಒಮ್ಮೆ ಎಳೆದು ನೋಡುತ್ತಾನೆ. ಅವನು ಹಾಗೆ ನೋಡುವುದೇ ಸರಿಯೆಂದು ನಾನೇ ಅವನಿಗೆ ಹೇಳಿದ್ದೇನೆ.